ಕಚ್ಚಿ, ಬಿಡಿ

“ಕಚ್ಚಿ.”

ಅಕ್ಕ ಹಲ್ಲು ಕಚ್ಚಿದಳು.

“ಬಿಡಿ.”

ಬಿಟ್ಟಳು.

“ಇನ್ನೊಂದ್ಸಲ ಕಚ್ಚಿ. ಹಾಗೇ ಹಿಡ್ಕೊಳ್ಳಿ. ಹಾಂ, ಬಿಡಿ.”

ಡಾಕ್ಟರ ಬೆರಳುಗಳು ಅಕ್ಕನ ದವಡೆಯ ಎರಡೂ ಮಗ್ಗುಲಲ್ಲಿದ್ದವು. ಕಣ್ಣು ಮಾತ್ರ ಎದುರಿನ ಗೋಡೆಯ ಕಡೆ. ನಾಡಿ ಹಿಡಿದ ಹಳೆಯ ಪಂಡಿತರು ಹೀಗೇ ಎತ್ತಲೋ ನೋಡುತ್ತ ಕೂರುತ್ತಿದ್ದರು. ಬೆರಳು ನೋಡುತ್ತಿರುವಾಗ ಕಣ್ಣಿಗೆ ಕೆಲಸವಿಲ್ಲ. ಬೆಂಗಳೂರಿನ ಆ ಕ್ಲಿನಿಕ್ಕಿಗೆ ನಾನು ಹೋದದ್ದು ಅಕ್ಕನಿಗೆ ಜೊತೆಯಾಗಿ. ಇಂಜೆಕ್ಷನ್ ಅಂದರೆ ಒಂದು ಸೂಜಿ, ಒಂದು ಚುಚ್ಚು, ಮೇಲೊಂದು ಹತ್ತಿಯುಂಡೆ, ಅಷ್ಟೇ ಎಂದುಕೊಂಡಿದ್ದೆ. ಸೂಜಿಯ ಕೆಲಸ ಐದು ನಿಮಿಷದೊಳಗೆ ಮುಗಿಯಿತು, ನಿಜ. ಅದಕ್ಕೂ ಮುಂಚೆ ಬೆರಳಿನ ಕೆಲಸ ಅರ್ಧ ಗಂಟೆ ನಡೆದಿತ್ತು. ವಿದ್ಯೆ ಇದ್ದದ್ದು ಆ ಅರ್ಧ ಗಂಟೆಯಲ್ಲಿ.

ಅಕ್ಕನಿಗೆ ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಏಳುತ್ತಲೇ ಕಣತಲೆಯ ಎರಡೂ ಕಡೆ ನೋವು, ಬಾಯಿ ಪೂರ್ತಿ ತೆರೆಯಲು ಬಿಗಿತ. ಒಂದು ದವಡೆ ಹಲ್ಲು ಸೀಳು ಬಿಟ್ಟಿತು. ಇನ್ನೊಂದಕ್ಕೆ ಹಾಕಿಸಿದ ಕ್ಯಾಪು ಎರಡು ಸಲ ಒಡೆಯಿತು. “ಅಡಿಕೆ ಜಗಿಯುತ್ತೀರಾ?” ಎಂದು ಹಲ್ಲಿನ ಡಾಕ್ಟರು ಕೇಳಿದರು. ಇಲ್ಲ. ಉತ್ತರ ಭಾವನ ಬಳಿ ಇತ್ತು. “ರಾತ್ರಿಯೆಲ್ಲ ಪಕ್ಕದಲ್ಲಿ ಯಾರೋ ರಾಗಿ ಬೀಸಿದ ಹಾಗೆ ಸದ್ದು” ಎಂದರು ಅವರು.

ಭಾವನ ಹೋಲಿಕೆ ಅವರಿಗೇ ಗೊತ್ತಿಲ್ಲದಷ್ಟು ಸರಿಯಾಗಿತ್ತು. ಕಾಳು ಹಾಕದೆ ಬೀಸುಕಲ್ಲು ತಿರುಗಿಸಬೇಡ ಎಂದು ನಮ್ಮಜ್ಜಿ ಗದರುತ್ತಿದ್ದರು. ನಡುವೆ ಕಾಳಿಲ್ಲದಿದ್ದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಅದನ್ನು ಸವೆಸಬೇಕಾದರೆ ಅಷ್ಟೇ ಗಟ್ಟಿಯಾದದ್ದು ಬೇಕು. ಅದು ಎದುರಿನ ಹಲ್ಲೇ.

ಕಡಿಯುವುದು ಬೇರೆ, ಕಚ್ಚುವುದು ಬೇರೆ

ಸಿಟ್ಟು ಬಂದವನು ಕಟಕಟ ಹಲ್ಲು ಕಡಿಯುತ್ತಾನೆ. ಹಗೆಯುಳ್ಳವನು ಹಲ್ಲು ಮಸೆಯುತ್ತಾನೆ. ಕಷ್ಟದಲ್ಲಿರುವವನು ಹಲ್ಲು ಕಚ್ಚಿಕೊಂಡು ಇರುತ್ತಾನೆ. ನಮ್ಮ ಭಾಷೆ ಬೇರೆಬೇರೆಯಾಗಿ ಎಣಿಸಿದ್ದನ್ನು ವೈದ್ಯರು ‘ಬ್ರಕ್ಸಿಸಂ’ ಎಂಬ ಒಂದೇ ಹೆಸರಿನಡಿ ತಂದು, ಮತ್ತೆ ಎರಡಾಗಿ ಒಡೆದಿದ್ದಾರೆ: ನಿದ್ದೆಯಲ್ಲಿ ನಡೆಯುವಂಥದ್ದು, ಎಚ್ಚರದಲ್ಲಿ ನಡೆಯುವಂಥದ್ದು. ಎಚ್ಚರದಲ್ಲಿ ಹೆಚ್ಚಿನವರು ಸದ್ದಿಲ್ಲದೆ ಕಚ್ಚಿ ಹಿಡಿಯುತ್ತಾರೆ. ಲೆಕ್ಕ ತಾಳೆಯಾಗದಾಗ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಫೋನಿನಲ್ಲಿ ತಲೆ ತಗ್ಗಿಸಿ ಕೂತಾಗ. ನಿದ್ದೆಯಲ್ಲಿ ಕಚ್ಚುವುದರ ಜೊತೆಗೆ ಅಡ್ಡಡ್ಡ ಅರೆಯುವುದೂ ಸೇರುತ್ತದೆ. ಮನೆಯವರ ನಿದ್ದೆ ಕೆಡುವುದು ಆಗ.

ನೆಮ್ಮದಿಯಾಗಿರುವ ಬಾಯಲ್ಲಿ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ತಾಗಿಕೊಂಡಿರುವುದೇ ಇಲ್ಲ. ತುಟಿ ಮುಚ್ಚಿದ್ದರೂ ಒಳಗೆ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುತ್ತದೆ. ಅಗಿಯುವಾಗ, ನುಂಗುವಾಗ ಬಿಟ್ಟರೆ ಅವುಗಳಿಗೆ ಒಂದನ್ನೊಂದು ಮುಟ್ಟುವ ಕೆಲಸವಿಲ್ಲ. ಇದನ್ನು ಡಾಕ್ಟರು ಹೇಳಿದಾಗ ನನ್ನ ಹಲ್ಲು ಬಿಗಿಯಾಗಿ ಕಚ್ಚಿಕೊಂಡಿತ್ತು. ಮೆಲ್ಲಗೆ ಬಿಟ್ಟೆ.

ಕಾರಣ ಹುಡುಕುತ್ತ ಜನ ಬಹಳ ದೂರ ಅಲೆದಿದ್ದಾರೆ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ‘ಹೊಟ್ಟೇಲಿ ಹುಳ ಆಗಿದೆ’ ಎಂದು ಔಷಧಿ ಕುಡಿಸುವುದು ನಮ್ಮ ಕಡೆ ಇಂದಿಗೂ ಇದೆ. ಹಲ್ಲಿನ ವೈದ್ಯರೂ ಬಹಳ ಕಾಲ ಇನ್ನೊಂದು ಹುಳವನ್ನು ಹುಡುಕುತ್ತಿದ್ದರು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹೊಂದಾಣಿಕೆಯಿಲ್ಲದ್ದೇ ಕಾರಣವೆಂದು ಎತ್ತರದ ಹಲ್ಲನ್ನು ಉಜ್ಜಿ ತಗ್ಗಿಸುತ್ತಿದ್ದರು. ನಿದ್ದೆಯ ಪ್ರಯೋಗಾಲಯಗಳು, ಮುಖ್ಯವಾಗಿ ಮಾಂಟ್ರಿಯಲ್‌ನಲ್ಲಿ ಝೀಲ್ ಲವೀನ್ಯ್ ಮತ್ತು ಸಂಗಡಿಗರ ಕೆಲಸ, ಬೆರಳನ್ನು ಮಿದುಳಿನ ಕಡೆ ತಿರುಗಿಸಿದವು. ನಿದ್ದೆಯ ನಡುವೆ ನಮಗೇ ತಿಳಿಯದಂತೆ ಕೆಲವು ಸೆಕೆಂಡುಗಳ ಸಣ್ಣ ಎಚ್ಚರಗಳು ಬಂದುಹೋಗುತ್ತವೆ. ಮೊದಲು ಮಿದುಳಿನ ಅಲೆ ಬದಲಾಗುತ್ತದೆ, ಎದೆಬಡಿತ ಏರುತ್ತದೆ, ಆಮೇಲೆ ದವಡೆಯ ಸ್ನಾಯು ತಾಳ ಹಿಡಿದಂತೆ ಬಿಗಿಯುತ್ತದೆ. ಹಲ್ಲು ಈ ಮೆರವಣಿಗೆಯ ಕೊನೆಯಲ್ಲಿರುವ ಬಡಪಾಯಿ. ಸಿಗರೇಟು, ಮದ್ಯ, ಹೆಚ್ಚು ಕಾಫಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದನ್ನು ಕೆರಳಿಸಬಲ್ಲವು. ಗೊರಕೆ ಹೊಡೆಯುತ್ತ ಉಸಿರು ಕಟ್ಟುವವರಲ್ಲಿ ಮೊದಲು ಆ ತೊಂದರೆಯನ್ನೇ ನೋಡಬೇಕು.

ಹಾಗಾಗಿ ಒಳ್ಳೆಯ ವೈದ್ಯರು ಮೊದಲ ದಿನವೇ ಸೂಜಿ ಎತ್ತುವುದಿಲ್ಲ. ಹಗಲಿನ ಅಭ್ಯಾಸ ಬಿಡಿಸುತ್ತಾರೆ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ರಾತ್ರಿಗೆ ಅಕ್ರಿಲಿಕ್ಕಿನ ನೈಟ್ ಗಾರ್ಡ್ ಮಾಡಿಸಿಕೊಡುತ್ತಾರೆ. ಅದು ಹಲ್ಲಿಗೆ ಗುರಾಣಿ, ಆದರೆ ಏಟು ಕೊಡುವ ತೋಳನ್ನು ಅದು ಮುಟ್ಟುವುದಿಲ್ಲ. ಅಕ್ಕ ಒಂದೂವರೆ ವರ್ಷದಲ್ಲಿ ಒಂದು ಗಾರ್ಡನ್ನು ಕಡಿದು ತೂತು ಮಾಡಿದ್ದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನು ಸ್ನಾಯುವಿನ ಹತ್ತಿರಾನೇ ಮಾತಾಡ್ಬೇಕು” ಎಂದರು.

ಕೊಳೆತ ಮಾಂಸದಿಂದ ಬಂದ ಮದ್ದು

ಸ್ನಾಯುವಿನ ಹತ್ತಿರ ಮಾತಾಡುವ ಈ ಮದ್ದು ಬೊಟುಲಿನಂ ಟಾಕ್ಸಿನ್. ಜನ ಕರೆಯುವುದು ಅದರ ಒಂದು ಬ್ರಾಂಡಿನ ಹೆಸರಿನಿಂದ, ಬೊಟಾಕ್ಸ್. ಲೋಕದಲ್ಲಿ ಗೊತ್ತಿರುವ ಅತ್ಯುಗ್ರ ವಿಷಗಳಲ್ಲಿ ಒಂದು.

ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಹೊಗೆ ಹಾಕಿಟ್ಟ ಸಾಸೇಜು ತಿಂದವರು ಸಾಯುತ್ತಿದ್ದರು. ಅಲ್ಲಿನ ವೈದ್ಯ ಯುಸ್ಟಿನುಸ್ ಕೆರ್ನರ್ 1820 ಮತ್ತು 1822ರಲ್ಲಿ ಅದರ ಬಗ್ಗೆ ಎರಡು ಪುಸ್ತಕ ಬರೆದ. ಕೆರ್ನರ್ ಕವಿಯೂ ಹೌದು. ರೋಗಿಗಳ ರೆಪ್ಪೆ ಜೋಲುವುದು, ಜೊಲ್ಲು ಆರುವುದು, ಸ್ನಾಯು ಸೋಲುವುದು, ಆದರೆ ಬುದ್ಧಿ ಮಾತ್ರ ಕೊನೆತನಕ ತಿಳಿಯಾಗಿರುವುದು, ಎಲ್ಲವನ್ನೂ ಗುರುತಿಸಿದ. ಆ ವಿಷವನ್ನು ತಾನೇ ನೆಕ್ಕಿ ನೋಡಿದ. ಅಲ್ಲಿಂದ ಅವನಿಗೆ ಹೊಳೆದದ್ದು ದೊಡ್ಡದು: ನರ ಅತಿಯಾಗಿ ಕುಣಿಯುವ ಕಾಯಿಲೆಗಳಲ್ಲಿ ಇದನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಮದ್ದಾಗಬಹುದಲ್ಲ? ಆ ಪ್ರಶ್ನೆಗೆ ಉತ್ತರ ಸಿಗಲು ಒಂದೂವರೆ ಶತಮಾನ ಬೇಕಾಯಿತು.

1895ರಲ್ಲಿ ಬೆಲ್ಜಿಯಂನ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯದವರು ಹಂದಿಮಾಂಸದ ಹ್ಯಾಮ್ ತಿಂದು ಹಾಸಿಗೆ ಹಿಡಿದರು, ಮೂವರು ತೀರಿಕೊಂಡರು. ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದಲೇ ಗಾಳಿಯಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾವನ್ನು ಹಿಡಿದ. ಸಾಸೇಜಿಗೆ ಲ್ಯಾಟಿನ್ನಿನಲ್ಲಿ ‘ಬೊಟುಲುಸ್’ ಎನ್ನುತ್ತಾರೆ. ಹೆಸರು ಅಲ್ಲಿಂದ ಬಂತು.

ಅದನ್ನು ಮದ್ದಾಗಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆಲನ್ ಸ್ಕಾಟ್. ಮೆಳ್ಳೆಗಣ್ಣನ್ನು ಶಸ್ತ್ರಕ್ರಿಯೆಯಿಲ್ಲದೆ ಸರಿಪಡಿಸುವ ಹಂಬಲ ಅವರದು. ಎಡ್ವರ್ಡ್ ಶಾಂಟ್ಸ್ ಎಂಬ ವಿಜ್ಞಾನಿ ಶುದ್ಧಗೊಳಿಸಿ ಕಳಿಸಿದ ವಿಷವನ್ನು ಮೊದಲು ಮಂಗಗಳ ಕಣ್ಣಿನ ಸ್ನಾಯುವಿಗೆ ಚುಚ್ಚಿ 1973ರಲ್ಲಿ ಬರೆದರು. 1970ರ ದಶಕದ ಕೊನೆಯಲ್ಲಿ ಮನುಷ್ಯರಿಗೆ ಬಂದರು. ಸ್ಕಾಟ್ ಬಳಸಿದ ಸೂಜಿಯೇ ವಿದ್ಯುತ್ತಿನ ತಂತಿಯೂ ಆಗಿತ್ತು. ಸ್ನಾಯುವಿನೊಳಗೆ ತುದಿ ಸೇರಿದೊಡನೆ ಯಂತ್ರದಲ್ಲಿ ಅದರ ಮಿಡಿತದ ಸದ್ದು ಕೇಳುತ್ತಿತ್ತು. ಸದ್ದು ಸಿಕ್ಕ ಮೇಲೆ ಮದ್ದು. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಸುಕ್ಕು ತೆಗೆಯುವ ಹೆಸರಿನಲ್ಲಿ ಇದು ಲೋಕಪ್ರಸಿದ್ಧವಾದದ್ದು ಆಮೇಲೆ. ಒಪ್ಪಿಗೆ ಸಿಕ್ಕ ಮರುವರ್ಷವೇ, 1990ರಲ್ಲಿ, ಮಿದುಳಿಗೆ ಪೆಟ್ಟಾಗಿ ವಿಪರೀತ ಹಲ್ಲು ಕಡಿಯುತ್ತಿದ್ದ ರೋಗಿಯೊಬ್ಬರ ದವಡೆಗೆ ಬೆಲ್ಜಿಯಂನ ವೈದ್ಯರು ಇದನ್ನು ಚುಚ್ಚಿದ ವರದಿ ಬಂತು.

ಒಳಗೆ ಆಗುವುದೇನು? ನರ ಸ್ನಾಯುವನ್ನು ಮುಟ್ಟುವುದಿಲ್ಲ, ಕೂದಲೆಳೆಗಿಂತ ಕಿರಿದಾದ ಸಂದಿನ ಆಚೆ ನಿಂತು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ಅದು ಬಿದ್ದರೆ ಸ್ನಾಯು ಬಿಗಿಯುತ್ತದೆ. ಆ ರಾಸಾಯನಿಕ ಇರುವುದು ನರದ ತುದಿಯೊಳಗಿನ ಪುಟ್ಟ ಪುಟ್ಟ ಚೀಲಗಳಲ್ಲಿ. ಚೀಲ ಗೋಡೆಗೆ ತಗುಲಿ ಬಾಯಿಬಿಡಲು ಒಂದು ಕೊಕ್ಕೆ ಬೇಕು. ಟಾಕ್ಸಿನ್ನಿನ ಎರಡು ಎಳೆಗಳಲ್ಲಿ ಭಾರದ್ದು ನರದ ತುದಿಯನ್ನು ಗುರುತು ಹಿಡಿದು ಹಗುರದ್ದನ್ನು ಒಳನುಗ್ಗಿಸುತ್ತದೆ, ಹಗುರದ ಎಳೆ ಒಳಗೆ ಹೋಗಿ ಆ ಕೊಕ್ಕೆಯನ್ನು ಕತ್ತರಿಸುತ್ತದೆ. ನರ ಸಾಯುವುದಿಲ್ಲ, ಸ್ನಾಯು ಹರಿಯುವುದಿಲ್ಲ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ, ಅಷ್ಟೇ. ಕೆಲವು ತಿಂಗಳಲ್ಲಿ ನರ ಹೊಸ ಚಿಗುರು ಹೊಡೆಯುತ್ತದೆ, ಹಳೆಯ ತುದಿಯೂ ಚೇತರಿಸಿಕೊಳ್ಳುತ್ತದೆ.

ಮುಖದ ಮೇಲೊಂದು ಹೊಲ

ಮತ್ತೆ ಬೆರಳಿಗೆ ಬರೋಣ. ನೀವೂ ನೋಡಿಕೊಳ್ಳಬಹುದು. ಕಿವಿಯ ಹಾಲೆಯ ಕೆಳಗೆ ದವಡೆಮೂಳೆ ತಿರುಗುವ ಮೂಲೆಯಿದೆಯಲ್ಲ, ಅಲ್ಲಿಂದ ಒಂದೆರಡು ಬೆರಳು ಮುಂದೆ ಕೈಯಿಟ್ಟು ಹಲ್ಲು ಕಚ್ಚಿ. ಚರ್ಮದಡಿ ಒಂದು ಗಂಟು ಎದ್ದು ನಿಲ್ಲುತ್ತದೆ. ಅದೇ ಮ್ಯಾಸೆಟರ್, ಕೆನ್ನೆಮೂಳೆಯಿಂದ ಕೆಳದವಡೆಗೆ ಇಳಿಯುವ ಅಗಿಯುವ ಸ್ನಾಯು. ಕಣತಲೆಯ ಮೇಲೆ ಕೈಯಿಟ್ಟು ಕಚ್ಚಿದರೆ ಇನ್ನೊಂದು ಬೀಸಣಿಗೆಯಂತೆ ಹರಡಿ ಅಲುಗುತ್ತದೆ, ಅದು ಟೆಂಪೊರಾಲಿಸ್. ಅಕ್ಕನ ಬೆಳಗಿನ ತಲೆನೋವಿನ ಮನೆ ಅದು. ರಾತ್ರಿಯ ಕಚ್ಚು ಕೆಲವೊಮ್ಮೆ ಎಚ್ಚರದಲ್ಲಿ ಬೇಕೆಂದೇ ಕಚ್ಚುವ ಬಲವನ್ನೂ ಮೀರುತ್ತದೆ. ವರ್ಷಗಟ್ಟಲೆ ಸಾಮು ಮಾಡಿದ ಪೈಲ್ವಾನನ ತೋಳಿನಂತೆ ಅಕ್ಕನ ಮ್ಯಾಸೆಟರ್ ದಪ್ಪವಾಗಿ ಮುಖವೇ ಚೌಕವಾಗಿತ್ತು.

ಡಾಕ್ಟರು ಬಿಳಿ ಪೆನ್ಸಿಲ್ ತೆಗೆದುಕೊಂಡರು. ಕಿವಿಯ ಹಾಲೆಯಿಂದ ಬಾಯಿಯ ಮೂಲೆಗೆ ಒಂದು ಗೆರೆ. ದವಡೆಯ ಕೆಳ ಅಂಚಿಗೆ ಒಂದು. “ಕಚ್ಚಿ” ಎಂದು ಸ್ನಾಯುವಿನ ಮುಂದಿನ ಅಂಚು ಹುಡುಕಿ ಒಂದು, “ಬಿಡಿ” ಎಂದು ಹಿಂದಿನ ಅಂಚಿಗೆ ಒಂದು. ನಾಲ್ಕು ಗೆರೆ ಸೇರಿ ಕೆನ್ನೆಯ ಮೇಲೊಂದು ಪುಟ್ಟ ಹೊಲ. ಬದುವಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೇ ಇರಬೇಕು. ಯಾಕೆಂದರೆ ಸುತ್ತ ಇರುವ ನೆರೆಹೊರೆ ಸಾಮಾನ್ಯದ್ದಲ್ಲ. ಹಿಂದುಗಡೆ ಮಂಗನಬಾವು ಬಂದಾಗ ಊದುವ ಜೊಲ್ಲುಗ್ರಂಥಿ. ಮೇಲ್ಗಡೆ ಅದರ ನಾಳ. ಮುಂದುಗಡೆ ಮುಖದ ರಕ್ತನಾಳ, ದವಡೆಯಂಚಿನಲ್ಲಿ ಅದರ ಬಡಿತ ಬೆರಳಿಗೇ ಸಿಗುತ್ತದೆ. ಮುಂದಿನ ಅಂಚಿನ ಮೇಲೆಯೇ ಬಾಯಿಯ ಮೂಲೆಯನ್ನು ಎಳೆಯುವ ತೆಳ್ಳನೆಯ ಸ್ನಾಯು, ರೈಸೋರಿಯಸ್. ಮದ್ದು ಅಲ್ಲಿಗೆ ಹರಿದರೆ ಹಲ್ಲು ಉಳಿದೀತು, ನಗು ಸೊಟ್ಟಗಾದೀತು.

ಸೀಸೆ ತಂದರು. ನೋಡಿದರೆ ಖಾಲಿ. ನನಗೆ ಅನುಮಾನವೇ ಬಂತು. ಹತ್ತಿರ ಹಿಡಿದು ತೋರಿಸಿದರು: ತಳದಲ್ಲಿ ಉಸಿರು ತಾಗಿದ ಗಾಜಿನ ಮೇಲಿರುವಂಥ ಒಂದು ತೆಳು ಮಬ್ಬು. 100 ಯೂನಿಟ್ಟಿನ ಸೀಸೆಯಲ್ಲಿ ಟಾಕ್ಸಿನ್ ಇರುವುದು ಕೆಲವೇ ನ್ಯಾನೋಗ್ರಾಂ. ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ತಕ್ಕಡಿಗೆ ಸಿಗದ ಇದನ್ನು ಅಳೆಯುವುದು ಯೂನಿಟ್ಟಿನಲ್ಲಿ. ಇಲಿಗಳ ಗುಂಪೊಂದರಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ ಒಂದು ಯೂನಿಟ್. ಕಂಪನಿ ಬದಲಾದರೆ ಯೂನಿಟ್ಟೂ ಬದಲು, ಹಿಂದೆ ಊರಿಂದೂರಿಗೆ ಸೇರು ಪಾವಿನ ಅಳತೆ ಬದಲಾಗುತ್ತಿದ್ದ ಹಾಗೆ. ಬೊಟಾಕ್ಸಿನ ಲೆಕ್ಕದಲ್ಲಿ ಡಿಸ್‌ಪೋರ್ಟ್ ಎಂಬ ಇನ್ನೊಂದು ಬ್ರಾಂಡನ್ನು ಹಾಕಿದರೆ ಕೆಲಸ ಕೆಟ್ಟಿತು.

2ರಿಂದ 8 ಡಿಗ್ರಿ ತಂಪಿನಲ್ಲಿಟ್ಟ ಸೀಸೆಯ ಮುಚ್ಚಳಕ್ಕೆ ಸಲೈನಿನ ಸಿರಿಂಜು ಚುಚ್ಚಿದರು. ಒಳಗಿನ ನಿರ್ವಾತವೇ ಸಲೈನನ್ನು ಎಳೆದುಕೊಂಡಿತು. ಹಾಗೆ ಎಳೆಯದಿದ್ದರೆ ಆ ಸೀಸೆಯನ್ನು ಬಳಸುವುದಿಲ್ಲ. ಆಮೇಲೆ ಕುಲುಕಲಿಲ್ಲ, ತುಪ್ಪದ ಮಿಳ್ಳೆ ಹಿಡಿದವರಂತೆ ಮೆಲ್ಲಗೆ ಓರೆ ಮಾಡಿ ತಿರುಗಿಸಿದರು. ಇದು ಪ್ರೋಟೀನು, ಒರಟಾಗಿ ಅಲುಗಿಸಬಾರದು. 2.5 ಮಿಲಿಲೀಟರ್ ಸಲೈನಿಗೆ 100 ಯೂನಿಟ್ ಅಂದರೆ ಸಿರಿಂಜಿನ ಒಂದೊಂದು 0.1 ಮಿಲಿಲೀಟರಿನಲ್ಲಿ 4 ಯೂನಿಟ್. ಹೊಲದೊಳಗೆ ತ್ರಿಕೋನವಾಗಿ ಮೂರು ಚುಕ್ಕೆ, ಚುಕ್ಕೆಗೆ 8 ಯೂನಿಟ್. ಒಂದು ಕೆನ್ನೆಗೆ 24, ಎರಡೂ ಸೇರಿ 48.

“ಕಚ್ಚಿ.” ಗಂಟು ಎದ್ದಿತು. ಎಡಗೈಯ ಎರಡು ಬೆರಳು ಅದನ್ನು ಹಿಡಿದವು. “ಬಿಡಿ.” ಕೂದಲಿನಂಥ 30 ಗೇಜಿನ ಸೂಜಿ ನೇರ ಒಳಗಿಳಿದು ಆಳದಲ್ಲಿ ನಿಂತಿತು. ಅರ್ಧ ಮದ್ದು ಅಲ್ಲಿ. ಸೂಜಿಯನ್ನು ಒಂದಿಷ್ಟು ಹಿಂದಕ್ಕೆಳೆದು ಉಳಿದರ್ಧ ಸ್ನಾಯುವಿನ ಮೇಲಿನ ಪದರಕ್ಕೆ. ಇದರ ಗುಟ್ಟನ್ನು ಆಮೇಲೆ ಹೇಳಿದರು: ಮ್ಯಾಸೆಟರ್ ಒಂದೇ ಮುದ್ದೆಯಲ್ಲ, ಪದರ ಪದರ. ನಡುವೆ ಗಟ್ಟಿ ಸ್ನಾಯುರಜ್ಜು ಅಡ್ಡಗೋಡೆಯಂತೆ ಇರುತ್ತದೆ. ಆಳಕ್ಕಷ್ಟೇ ಮದ್ದು ಕೊಟ್ಟರೆ ಒಳಪದರ ಸೋಲುತ್ತದೆ, ಮೇಲ್ಪದರ ಅದರ ಪಾಲನ್ನೂ ತಾನೇ ಹೊತ್ತು, ಕಚ್ಚಿದಾಗ ಕೆನ್ನೆಯಲ್ಲಿ ನಿಂಬೆಹಣ್ಣು ಉಬ್ಬಿದಂತೆ ಕಾಣುತ್ತದೆ. ಬರೀ ಮೇಲುಮೇಲಕ್ಕೆ ಕೊಟ್ಟರೆ ನಗೆಯ ಸ್ನಾಯುವಿಗೆ ಅಪಾಯ.

ಕಣತಲೆಗೂ ಕೊಡುತ್ತೀರಾ ಎಂದು ಅಕ್ಕ ಕೇಳಿದಳು. “ಈ ಸಲ ಬೇಡ. ಇದು ಸಾರಿಗೆ ಉಪ್ಪು ಹಾಕಿದ ಹಾಗೆ. ಸಾಲದಿದ್ರೆ ಎರಡು ವಾರ ಬಿಟ್ಟು ಹಾಕ್ಬಹುದು. ಜಾಸ್ತಿಯಾದ್ರೆ ತೆಗೆಯೋಕೆ ಆಗಲ್ಲ.” ನಿಜವೇ. ನರದೊಳಗೆ ಸೇರಿದ ಮದ್ದನ್ನು ಹಿಂದಕ್ಕೆ ಎಳೆಯುವ ಪ್ರತಿಮದ್ದಿಲ್ಲ. ಕಾಯುವುದೊಂದೇ ದಾರಿ.

ಇಷ್ಟು ಹೊತ್ತು ನೋಡಿದ ಮೇಲೆ ನನಗೆ ಅರ್ಥವಾದದ್ದು ಇದು. ಸ್ನಾಯುವನ್ನು ಮಲಗಿಸುವುದು ದೊಡ್ಡ ವಿದ್ಯೆಯಲ್ಲ, ವಿಷಕ್ಕೆ ಅದು ಹುಟ್ಟುಗುಣ. ರೊಟ್ಟಿ ಅಗಿಯಲು ಎಷ್ಟು ಬಲ ಬೇಕು, ಹಲ್ಲು ಒಡೆಯಲು ಎಷ್ಟು ಬಲ ಸಾಕು, ಆ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದು ವಿದ್ಯೆ. ತೆಗೆಯುವುದಕ್ಕಿಂತ ಉಳಿಸುವುದರ ಲೆಕ್ಕ.

ಸೂಜಿ ಮಾಡುವುದು, ಮಾಡದಿರುವುದು

ಮೊದಲ ಎರಡು ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸಡಿಲಿಕೆ ಶುರುವಾಗಿ ಎರಡು ವಾರಕ್ಕೆ ಹದಕ್ಕೆ ಬರುತ್ತದೆ, ಮೂರು ನಾಲ್ಕು ತಿಂಗಳು ನಿಲ್ಲುತ್ತದೆ. ಹ್ಯೂಸ್ಟನ್ನಿನ ಜೋಸೆಫ್ ಯಾಂಕೊವಿಕ್ ಮತ್ತು ಟಾನ್ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ವರ್ಷಗಟ್ಟಲೆ ತೀವ್ರವಾಗಿ ಹಲ್ಲು ಕಡಿಯುತ್ತಿದ್ದ 18 ಜನರಿಗೆ ಸರಾಸರಿ 19 ವಾರ ಆರಾಮ ಸಿಕ್ಕಿತ್ತು. ಒಬ್ಬರಿಗೆ ನುಂಗಲು ಕಷ್ಟವಾಗಿತ್ತು.

ನನ್ನ ಮನಸ್ಸಿಗೆ ಹಿಡಿಸಿದ್ದು 2014ರ ಒಂದು ಕೊರಿಯನ್ ಅಧ್ಯಯನ. ಚುಚ್ಚಿಸಿಕೊಂಡವರ ನಿದ್ದೆಯನ್ನು ಯಂತ್ರಗಳಿಂದ ಅಳೆದು ನೋಡಿದರು. ದವಡೆ ರಾತ್ರಿ ಎಷ್ಟು ಸಲ ಬಿಗಿಯುತ್ತದೆ ಎಂಬ ಎಣಿಕೆ ಇಳಿದಿರಲಿಲ್ಲ, ಪ್ರತಿ ಬಿಗಿತದ ಬಲ ಇಳಿದಿತ್ತು. ಮಿದುಳು ತಾಳ ಹಾಕುತ್ತಲೇ ಇರುತ್ತದೆ, ಮದ್ದಳೆಯ ಚರ್ಮ ಮಾತ್ರ ಸಡಿಲ. ಹಾಗಾಗಿ ಇದನ್ನು ವಾಸಿ ಎನ್ನುವಂತಿಲ್ಲ. ಬೇರು ಮಿದುಳಿನಲ್ಲಿದೆ, ಸೂಜಿ ಕೊಂಬೆಯನ್ನು ಹಗುರ ಮಾಡುತ್ತದೆ. ಇದೇ ಕಾರಣಕ್ಕೆ ನೈಟ್ ಗಾರ್ಡನ್ನು ಎಸೆಯಬಾರದು.

ಇನ್ನೂ ಕೆಲವು ಮಾತು ಹೇಳಲೇಬೇಕು. ಹಲ್ಲು ಕಡಿಯುವುದಕ್ಕೆಂದೇ ಎಫ್‌ಡಿಎ ಈ ಮದ್ದಿಗೆ ಒಪ್ಪಿಗೆ ಕೊಟ್ಟಿಲ್ಲ, ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತಾರೆ. ಬಸುರಿಯರಿಗೆ, ಎದೆಹಾಲು ಕೊಡುವವರಿಗೆ, ಮಯಸ್ತೇನಿಯ ಗ್ರಾವಿಸ್‌ನಂಥ ನರಸ್ನಾಯು ಕಾಯಿಲೆ ಇರುವವರಿಗೆ ಇದು ಸಲ್ಲದು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಸ್ನಾಯು ಸೊರಗುತ್ತದೆ. ಮುಖ ಸಣ್ಣಗೆ ಕಾಣಲೆಂದು ಅದನ್ನೇ ಬಯಸಿ ಬರುವವರೂ ಇದ್ದಾರೆ. ಆದರೆ ಸ್ನಾಯುವಿನ ಎಳೆತ ಕಡಿಮೆಯಾದ ದವಡೆಮೂಳೆ ತೆಳುವಾದೀತೇ ಎಂಬ ಆತಂಕವನ್ನು ಸಂಶೋಧಕರು ಎತ್ತಿದ್ದಾರೆ. ಅದಕ್ಕೇ ನಡುವೆ ಬಿಡುವು ಕೊಟ್ಟು ನೋಡುತ್ತಾರೆ.

ಎರಡು ವಾರದ ಮೇಲೆ ಮತ್ತೆ ಹೋದೆವು. ಡಾಕ್ಟರು ಏನನ್ನೂ ಕೇಳುವ ಮೊದಲು ಬೆರಳಿಟ್ಟರು. “ಕಚ್ಚಿ… ಬಿಡಿ… ಕಚ್ಚಿ.” ಗಂಟು ಎದ್ದಿತು, ಮೊದಲಿನಷ್ಟು ಎತ್ತರಕ್ಕಲ್ಲ. “ಈಗ ನಗಿ.” ಅಕ್ಕ ನಕ್ಕಳು, ನಗು ನೆಟ್ಟಗಿತ್ತು.

“ತಿನ್ನೋದು ಹೇಗಿದೆ?”

“ಅನ್ನ, ಚಪಾತಿ ಏನೂ ತೊಂದ್ರೆ ಇಲ್ಲ ಮೇಡಂ. ಚಕ್ಕುಲಿ ಆಗುತ್ತೆ. ಮೊನ್ನೆ ನಿಪ್ಪಟ್ಟು ತಿಂದೆ, ಎರಡನೇದಕ್ಕೆ ದವಡೆ ಸುಸ್ತಾಯ್ತು.”

ಡಾಕ್ಟರ ಮುಖ ಅರಳಿತು. ಒಳ್ಳೆಯ ಅಡುಗೆಯವರು ರುಚಿ ನೋಡಿ ಸೌಟು ಕೆಳಗಿಡುವಾಗ ಕಾಣುವ ಮುಖ ಅದು. “ಚಕ್ಕುಲಿ ಆಗ್ಬೇಕು, ನಿಪ್ಪಟ್ಟಿಗೆ ಸುಸ್ತಾಗ್ಬೇಕು. ಸರಿಯಾಗಿದೆ.” ರಾತ್ರಿಯ ವಿಷಯಕ್ಕೆ, ಈ ಸಲ ಜೊತೆಗೆ ಬಂದಿದ್ದ ಭಾವನ ಕಡೆ ತಿರುಗಿದರು.

“ಸದ್ದು ಪೂರ್ತಿ ನಿಂತಿಲ್ಲ ಡಾಕ್ಟ್ರೇ. ಆದ್ರೆ ರಾಗಿ ಬೀಸೋ ಥರ ಇಲ್ಲ. ಪಕ್ಕದ ಮನೆಯಲ್ಲಿ ಬೀಸ್ತಾ ಇದ್ದಾರೇನೋ ಅನ್ನೋ ಹಾಗಿದೆ.”

ಬೆಳಗಿನ ತಲೆನೋವು ಅರ್ಧಕ್ಕಿಳಿದಿತ್ತು. ನಾಲ್ಕು ತಿಂಗಳಿಗೆ ಮತ್ತೆ ಚುಚ್ಚಿಸಿಕೊಳ್ಳಲೇಬೇಕೇ ಎಂದು ಅಕ್ಕ ಕೇಳಿದಳು. ಡಾಕ್ಟರು ಡೈರಿಯಲ್ಲಿ ದಿನಾಂಕ ಬರೆದುಕೊಂಡರು, ಪಕ್ಕದಲ್ಲಿ ಯೂನಿಟ್ಟಿನ ಅಂಕಿ ಬರೆಯಲಿಲ್ಲ.

“ಬನ್ನಿ,” ಎಂದರು. “ಬೆರಳಿಟ್ಟು ನೋಡೋಣ.”